ಗೋಡೆಗೆ ಅಂಟಿಸಿದ ಏಳು ಅಪ್ಲಿಕೇಶನ್‌ಗಳು

ಪುಕ್ಕಟೆ ಸಿಗುವುದರ ಬಗ್ಗೆ ನಮ್ಮ ಅವ್ವನಿಗೆ ಮೊದಲಿನಿಂದಲೂ ಗುಮಾನಿ. ಸಂತೆಯಲ್ಲಿ ಸೊಪ್ಪಿನವಳು ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದರೂ ಮನೆಗೆ ಬಂದು ಎಲೆ ಎಲೆ ತಿರುವಿ ನೋಡುವವಳು. ಅಂಥವಳ ಮುಂದೆ ಕೂತು ನಾನು, ‘ಲಿನಕ್ಸ್ ಅಂತ ಒಂದೈತಿ ಅವ್ವಾ, ಕಂಪ್ಯೂಟರ್ ನಡೆಸೋದು. ಪೂರ್ತಿ ಪುಕ್ಕಟ’ ಅಂದೆ.

‘ಕೊಡಾವ ಯಾರು?’

‘ಯಾರ್ಯಾರೋ ಸೇರಿ ಮಾಡ್ಯಾರ. ಹೆಂಗ ಮಾಡೀವಿ ಅನ್ನೋದನ್ನೂ ಮುಚ್ಚಿಡಂಗಿಲ್ಲ. ನೀನು ಮಂದಿಗೆ ಶೇಂಗಾ ಚಟ್ನಿಪುಡಿ ಕೊಟ್ಟು, ಮಾಡೋ ರೀತಿನೂ ಹೇಳ್ತೀಯಲ್ಲ, ಹಂಗ.’

‘ನಾ ಎಲ್ಲಿ ಪೂರ್ತಿ ಹೇಳ್ತೀನಿ?’ ಅಂದಳು ಅವ್ವ.

ಕೊಟ್ಟೂರಿನಲ್ಲಿ ನನ್ನದೊಂದು ಜೆರಾಕ್ಸ್, ಟೈಪಿಂಗ್ ಅಂಗಡಿ. ಹಗರಿಬೊಮ್ಮನಹಳ್ಳಿಯಿಂದ ಬಂದ ಗೆಳೆಯನೊಬ್ಬ ಪೆನ್‌ಡ್ರೈವ್ ಹಾಕಿ ಅಂಗಡಿಯ ಮುದಿ ಕಂಪ್ಯೂಟರಿಗೆ ಲಿನಕ್ಸ್ ಕೂರಿಸಿಕೊಟ್ಟ. ಸ್ವಿಚ್ಚು ಹಾಕಿ ಚಹಾ ಕುಡಿದು ಬಂದರೂ ಕಣ್ಣು ಬಿಡದಿದ್ದ ಯಂತ್ರ ಅವತ್ತಿನಿಂದ ಎದ್ದು ಓಡತೊಡಗಿತು. ಅಲ್ಲಿಗೆ ನನ್ನ ತಲೆ ತಿರುಗಿತು ನೋಡ್ರಿ. ಕೈಗೆ ಸಿಕ್ಕ ಗಿರಾಕಿಗೆಲ್ಲ ಅದನ್ನೇ ಕೊರೆದೆ. ಆಧಾರ್ ಜೆರಾಕ್ಸಿಗೆ ಬಂದ ಕೂಡ್ಲಿಗಿಯ ಹಿರಿಯರೊಬ್ಬರು ಅರ್ಧ ತಾಸು ಕೇಳಿಸಿಕೊಂಡು, ‘ಎಲ್ಲಾ ಖರೇ ತಮ್ಮಾ, ಜೆರಾಕ್ಸ್ ಬರ್ತೈತೋ ಇಲ್ಲೋ ಹೇಳು, ಬಸ್ಸು ಹೊಂಟೈತಿ’ ಅಂದರು.

ಅಂಗಡಿ ಮುಗಿಯಿತಲ್ಲ, ಮನೆಯಲ್ಲಿ ಹೆಂಡತಿಯ ಲ್ಯಾಪ್‌ಟಾಪ್ ಇತ್ತು.

ಅವಳು ಹಿರೇಹಡಗಲಿಯವಳು. ಎಂ.ಎಸ್ಸಿ. ಲೆಕ್ಕ ಓದಿ, ಮದುವೆಗೆ ಮುಂಚೆ ಒಂದು ಶಾಲೆಯಲ್ಲಿ ಕಲಿಸುತ್ತಿದ್ದಳು. ನಮ್ಮ ಮನೆಗೆ ಬಂದು ಆರು ವರ್ಷ ಚಾಕ್‌ಪೀಸ್ ಮುಟ್ಟಿರಲಿಲ್ಲ. ಕೊನೆಗೆ, ಮನೆಯಲ್ಲೇ ಕೂತು ಮಕ್ಕಳಿಗೆ ಪಾಠ ಹೇಳುವ ಒಂದು ಕೆಲಸಕ್ಕೆ ಅರ್ಜಿ ಹಾಕಿ, ಕರೆಯೂ ಬಂತು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷದ ಪಾಠ ಮಾಡಿ ತೋರಿಸಬೇಕು. ಲೆಕ್ಕವನ್ನು ಪರದೆಯ ಮೇಲೆ ಬಿಡಿಸಬೇಕು, ಮುಖವೂ ಕಾಣಬೇಕು, ಫೋನಿನಲ್ಲಿ ನಡೆಯುವುದಿಲ್ಲ, ತಪ್ಪಿದರೆ ಇನ್ನೊಮ್ಮೆ ಕರೆಯುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದರು. ಅವ್ವ ಒಂದು ತಿಂಗಳಿಂದ ಗೊಣಗುತ್ತಲೇ ಇದ್ದಳು. ‘ಪರದೆಗೆ ಪಾಠ ಹೇಳ್ತಾಳಂತ, ಪರದೆಗೆ! ರೊಟ್ಟಿ ಬಡಿಯಾವ್ರು ಯಾರು?’

ನಾನು ಭಾನುವಾರ ಲ್ಯಾಪ್‌ಟಾಪಿಗೆ ಕೈ ಹಾಕಿದೆ.

‘ರೀ, ಪಾಠ ಮುಗಿಯೋತನಕ ತಡೀರಿ. ನಡೆಯೋದನ್ನ ಯಾಕ ಕೆದಕ್ತೀರಿ?’ ಅಂದಳು. ಬುದ್ಧಿ ಇದ್ದವನು ಅಲ್ಲಿಗೇ ಬಿಡುತ್ತಿದ್ದ. ನಾನು ಲಿನಕ್ಸ್ ಕೂರಿಸಿಯೇ ಬಿಟ್ಟೆ. ಲಗ್ನಪತ್ರಿಕೆಯೊಂದರ ಹಿಂಬದಿಗೆ, ದಿನಬಳಕೆಗೆ ಬೇಕೇ ಬೇಕಾದ ಅಪ್ಲಿಕೇಶನ್‌ಗಳು ಅಂತ ಕೆಂಪು ಶಾಯಿಯಲ್ಲಿ ಏಳು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಇಂಟರ್ನೆಟ್ಟಿಗೆ ಫೈರ್‌ಫಾಕ್ಸ್, ಬರೆಯಲಿಕ್ಕೆ ಲಿಬ್ರೆ ಆಫೀಸ್, ಕನ್ನಡ ಟೈಪಿಸಲು ಒಂದು ಕೀಬೋರ್ಡ್, ಪಿಡಿಎಫ್ ತೆರೆಯಲು ಒಂದು, ಪಿಕ್ಚರ್ ನೋಡಲು ವಿಎಲ್‌ಸಿ, ಫೋಟೋ ತಿದ್ದಲು ಗಿಂಪ್, ಏಳನೆಯದು ಕ್ಯಾಮೆರಾದ್ದು. ಫೋಟೋ ಯಾಕೆ ತಿದ್ದಬೇಕು ಅಂತ ಅವಳು ಕೇಳಿದಳು. ‘ಇರಲಿ, ಪುಕ್ಕಟ ಐತಲ್ಲ’ ಅಂದೆ. ಸೋಮವಾರ ಸಂಜೆ ಎಲ್ಲ ತೆರೆದು ತೋರಿಸಿದೆ. ಕ್ಯಾಮೆರಾದಲ್ಲಿ ಅವಳ ಮುಖ ಕನ್ನಡಿಯಂತೆ ಕಂಡಿತು. ನಾನೇ ಇಡೀ ಲಿನಕ್ಸ್ ಮಾಡಿದವನ ಹಾಗೆ ಮೀಸೆ ತೀಡಿಕೊಂಡೆ.

ಮಂಗಳವಾರ ಹತ್ತು ಗಂಟೆಗೆ ಅವಳು ರೇಷ್ಮೆ ಅಂಚಿನ ಸೀರೆ ಉಟ್ಟು ಕೂತು ಕ್ಯಾಮೆರಾ ತೆರೆದಳು. ಪರದೆಯ ತುಂಬ ಬೂದು ಮಂಜು. ಮುಖವಿಲ್ಲ, ಮೂಗಿಲ್ಲ.

‘ರೀ!’

ಆ ಒಂದು ಕೂಗಿಗೆ ನಾನು ಓಡಿ ಬಂದೆ. ಮುಚ್ಚಿ ತೆರೆದೆ, ಮಂಜು. ಏಳನೆಯ ಅಪ್ಲಿಕೇಶನ್ ತೆಗೆದು ಬೇರೆ ಎರಡು ಹಾಕಿದೆ, ಅವೂ ಮಂಜು ತೋರಿಸಿದವು. ಹಗರಿಬೊಮ್ಮನಹಳ್ಳಿಗೆ ಫೋನು ಹಚ್ಚಿದೆ. ಗೆಳೆಯ, ‘ಕ್ಯಾಮೆರಾ ನಡೆಸೋ ಡ್ರೈವರ್ ಕೆಟ್ಟಿರಬೇಕಲೇ, ಕಮಾಂಡ್ ಬರಿಯೋ ಕರಿ ಕಿಟಕಿ ತೆಗಿ, ನಾ ಹೇಳಿದ್ದು ಬರಿ’ ಅಂದ. ಬರೆದೆ. ಅದೇನೋ ನೂರು ಸಾಲು ಸರಸರ ಓಡಿತು. ಓದಿ ಹೇಳಿದೆ, ಅವನಿಗೂ ನನಗೂ ಒಂದಕ್ಷರ ತಿಳಿಯಲಿಲ್ಲ. ಇಂಥ ಹೊತ್ತಿನಲ್ಲೇ ಅವ್ವ ಬಾಗಿಲಲ್ಲಿ ನಿಂತು, ‘ಆತೇನಪ್ಪ?’ ಅಂದಳು. ‘ನೀ ಸುಮ್ನ ಒಳಗ ಹೋಗು!’ ಅಂತ ರೇಗಿದೆ. ಪಾಪ, ಹೋದಳು.

ಹತ್ತೂ ನಲವತ್ತು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಆರು ವರ್ಷದ ಮೇಲೆ ಬಂದ ಒಂದು ಅವಕಾಶವನ್ನು ನನ್ನ ಚಟಕ್ಕೆ ಹಾಳು ಮಾಡಿದೆನಲ್ಲ ಅಂತ ನನಗೆ ಅಳು ಬರುವುದೊಂದೇ ಬಾಕಿ. ಹಳೆಯದನ್ನು ವಾಪಸ್ ಹಾಕೋಣವೆಂದರೆ ಎರಡು ತಾಸು ಬೇಕು.

‘ಸ್ವಲ್ಪ ಸರೀರಿ’ ಅಂದಳು ಅವಳು. ‘ಕ್ಯಾಮೆರಾದ ದೀಪ ಹತ್ತೇತಿ. ಅಂದ್ರ ಅದು ನಡದೈತಿ. ಕೆಟ್ಟಿದ್ರ ಕರ್ರಗಾದರೂ ಕಾಣಬೇಕಿತ್ತು, ಇದು ಬೂದು ಐತಿ. ಮೂರು ಅಪ್ಲಿಕೇಶನ್ನೂ ಒಂದೇ ಉತ್ತರ ಕೊಟ್ರ, ತಪ್ಪು ಅವುಗಳಾಗ ಇಲ್ಲ. ಮುಂದ ಏನೋ ಅಡ್ಡ ಐತಿ.’

ಲೆಕ್ಕದ ಮೇಡಂ ನೋಡ್ರಿ! ಲ್ಯಾಪ್‌ಟಾಪಿನ ಮುಚ್ಚಳವನ್ನು ಬೆಳಕಿನ ಕಡೆ ವಾಲಿಸಿದಳು. ಪರದೆಯ ಮೇಲಂಚಿನಲ್ಲಿ, ನಟ್ಟನಡುವೆ, ಒತ್ತೊತ್ತಾಗಿ ಮೂರು ಬೆರಳಿನ ವಿಭೂತಿ. ಮುಕ್ಕಾಲು ತಾಸು ನಾನು ಪರದೆಯೊಳಗೇ ಮುಖ ಹುಗಿದಿದ್ದೆ, ಮೇಲೆ ಕಣ್ಣೆತ್ತಿ ನೋಡಿರಲಿಲ್ಲ.

‘ಅವ್ವಾ!’

ಅವ್ವ ಬಂದಳು. ಅಮಾವಾಸ್ಯೆ ಬಂದರೆ ಮಿಕ್ಸಿ, ಫ್ರಿಜ್ಜು, ನನ್ನ ಬೈಕು, ಎಲ್ಲದಕ್ಕೂ ವಿಭೂತಿ ಎಳೆಯುವುದು ಅವಳ ಪದ್ಧತಿ. ಆದರೆ ಅವತ್ತು ಅಮಾವಾಸ್ಯೆ ಅಲ್ಲ.

‘ಇದಕ್ಕ ಯಾಕ ಹಚ್ಚಿದಿ? ಅದೂ ಕ್ಯಾಮೆರಾದ ಮ್ಯಾಲೆ! ಅದು ಇದರ ಕಣ್ಣು!’

‘ಹಣಿ ಅಂತ ತಿಳಿದು ಹಚ್ಚಿದೆ’ ಅಂದಳು ಅವ್ವ. ‘ಹಣಿ ಮ್ಯಾಲೆ ಕಣ್ಣು ಶಿವಗೊಬ್ಬಗ ಐತಿ ಅಂತ ಮಾಡಿದ್ದೆ. ನಿನ್ನ ಪುಕ್ಕಟದ್ದಕ್ಕೂ ಐತಿ ಅಂತ ನನಗೇನು ಗೊತ್ತು?’ ಆಮೇಲೆ ದನಿ ಇಳಿಸಿ ಸೊಸೆಯ ಕಡೆ ತಿರುಗಿದಳು. ‘ಬೆಳಿಗ್ಗೆ ಗುಡಿಗೆ ಹೋಗಿ ತಂದೆನವ್ವಾ. ಇಷ್ಟು ಓದಿದಾಕಿ, ನೀ ರೊಟ್ಟಿ ಬಡಿಯಾದು ನೋಡಿ ನೋಡಿ ನನಗೂ ಸಾಕಾಗೈತಿ. ನಿನಗ ಕೆಲಸ ಸಿಗಲಿ ಅಂತ ಹಚ್ಚಿದ್ದು, ಹಿಂಗ ಆತು.’

ಒಂದು ತಿಂಗಳು ಗೊಣಗಿದ ಅವ್ವ ಇವಳೇ! ಹೆಂಡತಿಯ ಕಣ್ಣು ತುಂಬಿದವು. ಸೆರಗಿನ ತುದಿಯಿಂದ ಕ್ಯಾಮೆರಾ ಒರೆಸಿದಳು. ಮಂಜು ಹೋಗಿ ಅವಳ ಮುಖ ಬಂತು. ಹತ್ತೂ ಐವತ್ತೆಂಟು. ಅವಳು ಎದ್ದು ಅವ್ವನ ಮುಂದೆ ಬಗ್ಗಿದಳು.

‘ನನ್ನ ಹಣಿಗೆ ಹಚ್ಚ್ರಿ ಅತ್ತಿ. ಇಲ್ಲಿ ಕಣ್ಣಿಲ್ಲ.’

ಹತ್ತು ನಿಮಿಷ ಭಿನ್ನರಾಶಿ ಕಲಿಸಿದಳು. ಬಾಗಿಲ ಹಿಂದೆ ಅವ್ವ ಕುಕ್ಕರಿನ ಸೀಟಿ ಕೂಗದಂತೆ ಒಲೆ ಆರಿಸಿ, ಎದೆಯ ಮೇಲೆ ಕೈ ಇಟ್ಟು ನಿಂತಿದ್ದಳು. ನಾಲ್ಕು ದಿನಕ್ಕೆ ಕೆಲಸ ಸಿಕ್ಕ ಸುದ್ದಿ ಬಂತು. ನಾನು ಲಿನಕ್ಸಿನ ಗುಣಗಾನಕ್ಕೆ ಬಾಯಿ ತೆರೆದೆ, ಇಬ್ಬರೂ ಒಟ್ಟಿಗೇ ನನ್ನ ಕಡೆ ನೋಡಿದರು, ಮುಚ್ಚಿಕೊಂಡೆ.

ಪಾಠ ಶುರುವಾದ ಮೊದಲ ದಿನ ಮಧ್ಯಾಹ್ನ ಹಸಿದು ಮನೆಗೆ ಬಂದರೆ, ಒಳಗೆ ಹೆಂಡತಿಯ ದನಿ, ಅಡುಗೆಮನೆಯಲ್ಲಿ ಖಾಲಿ ಬುಟ್ಟಿ. ‘ರೊಟ್ಟಿ ಎಲ್ಲಿ ಅವ್ವಾ?’ ಅಂದೆ.

ಅವ್ವ ಗೋಡೆಯ ಪಟ್ಟಿಯ ಕಡೆ ಕೈ ತೋರಿಸಿದಳು. ಏಳನೆಯದರ ಕೆಳಗೆ ಹೆಂಡತಿಯ ದುಂಡು ಅಕ್ಷರದಲ್ಲಿ, ‘೮. ರೊಟ್ಟಿ’ ಅಂತ ಬರೆದಿತ್ತು. ಓದುವಷ್ಟರಲ್ಲಿ ಅವ್ವ ಜೋಳದ ಹಿಟ್ಟಿನ ಪರಾತ ನನ್ನ ಮುಂದೆ ತಳ್ಳಿದಳು.

‘ಕೈ ತೊಳಕೊಂಡು ಕುಂಡ್ರು. ಪುಕ್ಕಟ ಕಲಿಸ್ತೀನಿ, ಏನೂ ಮುಚ್ಚಿಡಂಗಿಲ್ಲ.’