ತುಂಬಿದ ಗಾಡಿ, ಖಾಲಿ ಗಾಡಿ

ಮೊನ್ನೆ ಶಿವಮೊಗ್ಗದ ಒಂದು ರೈಲ್ವೆ ಗೇಟಿನಲ್ಲಿ ಸಿಕ್ಕಿಹಾಕಿಕೊಂಡೆ. ಶಾಲೆ ಮುಗಿಸಿ ಮನೆಗೆ ಹೊರಟಿದ್ದೆ. ಸ್ಕೂಟರಿನ ಮುಂದೆ ಕೊತ್ತಂಬರಿ ಸೊಪ್ಪು, ಹಿಂದೆ ಒಂಬತ್ತನೇ ತರಗತಿಯ ಉತ್ತರ ಪತ್ರಿಕೆಗಳ ಕಟ್ಟು. ಗೂಡ್ಸ್ ಗಾಡಿಯೊಂದು ನಿಧಾನವಾಗಿ ಬಂದು, ಇನ್ನೂ ನಿಧಾನವಾಗಿ ಹೋಗತೊಡಗಿತು. ನನ್ನ ಅಕ್ಕಪಕ್ಕದವರೆಲ್ಲ ಗಡಿಯಾರ ನೋಡಿಕೊಂಡು ರೈಲ್ವೆಯವರಿಗೆ ಶಾಪ ಹಾಕುತ್ತಿದ್ದರು. ಬ್ರೇಕ್ ಹಿಡಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಬರುವ ಆ ಸುಟ್ಟ ವಾಸನೆ ಮೂಗಿಗೆ ಬಂದದ್ದೇ ತಡ, ನನಗೇ ಗೊತ್ತಿಲ್ಲದ ಹಾಗೆ ನಾನು ಬಗ್ಗಿ ಚಕ್ರಗಳ ಕಡೆ ನೋಡುತ್ತಿದ್ದೆ.

"ಏನ್ ಮೇಡಂ, ಏನಾದ್ರೂ ಬಿತ್ತಾ?" ಎಂದು ಪಕ್ಕದ ಆಟೋದವನು ಕೇಳಿದ.

"ಇಲ್ಲಪ್ಪ, ಸ್ಪ್ರಿಂಗ್ ನೋಡ್ತಿದೀನಿ" ಎಂದೆ. ಅವನು ಆಮೇಲೆ ನನ್ನನ್ನು ಏನೂ ಕೇಳಲಿಲ್ಲ.

ನೀವು ಅವನಷ್ಟು ಬೇಗ ಕೈಬಿಡುವವರಲ್ಲ ಅಂದುಕೊಂಡು ಹೇಳುತ್ತೇನೆ. ಗೂಡ್ಸ್ ಡಬ್ಬಿ ತುಂಬಿದೆಯೋ ಖಾಲಿಯೋ ಎಂದು ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ. ಎತ್ತರದ ತಗಡಿನ ಗೋಡೆ, ಒಳಗೇನಿದೆಯೋ ಯಾರಿಗೆ ಗೊತ್ತು? ಆದರೆ ಚಕ್ರಗಳ ನಡುವೆ ದಪ್ಪ ಸುರುಳಿ ಸ್ಪ್ರಿಂಗುಗಳಿರುತ್ತವೆ. ಭಾರ ಇದ್ದರೆ ಅವು ಅಮುಕಿಕೊಂಡು ಸುರುಳಿಗೆ ಸುರುಳಿ ತಾಗುವಷ್ಟು ಹತ್ತಿರ ಕೂತಿರುತ್ತವೆ. ಖಾಲಿ ಇದ್ದರೆ ಹಾಯಾಗಿ ಮೈ ಬಿಟ್ಟುಕೊಂಡಿರುತ್ತವೆ. ಇದನ್ನು ನನಗೆ ಕಲಿಸಿದ್ದು ನನ್ನ ಅಪ್ಪ, ಭದ್ರಾವತಿಯ ಒಂದು ದಿಬ್ಬದ ಮೇಲೆ, ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜದಲ್ಲಿ.

ದಿಬ್ಬಕ್ಕೆ ಹೆಸರೇನೂ ಇರಲಿಲ್ಲ. "ಗಾಡಿ ನೋಡೋಕೆ ಹೋಗಿದಾರೆ" ಅಂದರೆ ನಮ್ಮ ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು. ಹಳಿ ಅಲ್ಲಿ ಒಂದು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಹಾಗಾಗಿ ಗಾಡಿ ಎಂಜಿನ್ನಿನಿಂದ ಗಾರ್ಡಿನ ಡಬ್ಬಿಯವರೆಗೆ ಇಡಿಯಾಗಿ ಕಾಣುತ್ತದೆ. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದಾಗ ಉಳಿದ ಮರದ ಸ್ಲೀಪರುಗಳನ್ನು ಯಾರೋ ಪುಣ್ಯಾತ್ಮರು ಅಲ್ಲಿ ಸಾಲಾಗಿ ಎಳೆದು ಹಾಕಿದ್ದರು. ಅವೇ ನಮ್ಮ ಬೆಂಚು. ಬಿಸಿಲಿಗೆ ಅವಕ್ಕೆ ಬಳಿದಿದ್ದ ಎಣ್ಣೆ ಕರಗಿ ಬಟ್ಟೆಗೆ ಹತ್ತುತ್ತಿತ್ತು. ನನ್ನ ಎರಡು ಲಂಗಗಳು ಅಲ್ಲೇ ಹಾಳಾದವು. ಸಂಜೆಯಾದರೆ ಮಕ್ಕಳನ್ನು ಎತ್ತಿಕೊಂಡು ಬರುವವರು, ಹೊಸದಾಗಿ ಮದುವೆಯಾದವರು, ಮಂಡಕ್ಕಿ ಮಾರುವ ಒಬ್ಬ ಮುದುಕ, ಎಲ್ಲ ಸೇರಿ ಜಾತ್ರೆಯಂತೆ ಇರುತ್ತಿತ್ತು. ಶಿವಮೊಗ್ಗದ ನೆಂಟರು ಬಂದಾಗ, "ನಾವಾದ್ರೆ ತ್ಯಾವರೆಕೊಪ್ಪಕ್ಕೆ ಹೋಗಿ ಹುಲಿ ನೋಡ್ತೀವಪ್ಪ" ಎಂದು ಹೆಚ್ಚುಗಾರಿಕೆ ತೋರಿಸುತ್ತಿದ್ದರು. ಅದಕ್ಕೆ ಅಪ್ಪ, "ನಿಮ್ಮ ಹುಲಿ ಮಲಗಿದ್ರೆ ಮಲಗೇ ಇರುತ್ತೆ. ನಮ್ಮ ಗಾಡಿ ಬಂದೇ ಬರುತ್ತೆ, ಅದೂ ಟಿಕೆಟ್ ಇಲ್ದೆ" ಎನ್ನುತ್ತಿದ್ದ.

ಆದರೆ ನನ್ನ ದಿಬ್ಬ ಸಂಜೆಯದಲ್ಲ, ಮಧ್ಯಾಹ್ನದ್ದು. ಆ ಬೇಸಿಗೆಯಲ್ಲಿ ಅಪ್ಪನ ಕಾರ್ಖಾನೆಯಲ್ಲಿ ಕೆಲಸ ಇರಲಿಲ್ಲ. ಅಪ್ಪ ಅಲ್ಲಿ ಮೋಲ್ಡರ್ ಆಗಿದ್ದ. ಎಂದರೆ ಕರಗಿದ ಕಬ್ಬಿಣ ಹೊಯ್ಯಲು ಮರಳಿನಲ್ಲಿ ಅಚ್ಚು ಕಟ್ಟುವವನು. ಆರ್ಡರ್ ಇಲ್ಲ ಎಂದು ಅವನ ವಿಭಾಗದವರಿಗೆಲ್ಲ ಲೇ-ಆಫ್ ಕೊಟ್ಟಿದ್ದರು. ಕೆಲಸ ಇಲ್ಲದಿದ್ದರೂ ಮಧ್ಯಾಹ್ನ ಮೂರೂವರೆಯೊಳಗೆ ಗೇಟಿಗೆ ಹೋಗಿ ಸಹಿ ಹಾಕಿ ಬರಬೇಕು. ಆಗ ಮಾತ್ರ ಅರ್ಧ ಸಂಬಳ. ಉಳಿದ ಹೊತ್ತನ್ನು ಏನು ಮಾಡಬೇಕೆಂದು ಗೊತ್ತಾಗದೆ ಅಪ್ಪ ಊಟ ಮುಗಿಸಿ ಟವೆಲ್ ಹೆಗಲಿಗೆ ಹಾಕಿಕೊಂಡು ದಿಬ್ಬಕ್ಕೆ ನಡೆಯುತ್ತಿದ್ದ, ಹಿಂದೆ ನಾನು.

ಅಮ್ಮನನ್ನೂ ಒಂದೆರಡು ಸಲ ಕರೆದದ್ದುಂಟು. "ನಿಮಗೆ ಲೇ-ಆಫು. ನನಗೆ ಯಾರು ಕೊಟ್ಟಿದಾರೆ?" ಎಂದು ಅವಳು ಪಾತ್ರೆ ತೊಳೆಯಲು ಕೂತಳು. ನಾವು ನಕ್ಕು ಹೊರಟೆವು.

ಈಗ ಒಂದು ನಾಚಿಕೆಗೇಡಿನ ಮಾತು ಹೇಳಬೇಕು. ಅಪ್ಪನ ಬದುಕಿನ ಆ ಕೆಟ್ಟ ಕಾಲ ನನ್ನ ಬದುಕಿನ ಬಹಳ ಒಳ್ಳೆಯ ಕಾಲ. ಅಲ್ಲಿಯವರೆಗೆ ಅಪ್ಪ ಎಂದರೆ ಶಿಫ್ಟು ಮುಗಿಸಿ ಬಂದು ಮಗ್ಗುಲಾಗಿ ಮಲಗಿದ ಒಂದು ಬೆನ್ನು. ಸದ್ದು ಮಾಡಬೇಡಿ, ಅಪ್ಪ ಮಲಗಿದಾನೆ ಎಂಬುದನ್ನು ಕೇಳುತ್ತಲೇ ನಾನು ಹದಿನಾಲ್ಕು ವರ್ಷದವಳಾಗಿದ್ದೆ. ಆ ದಿಬ್ಬದ ಮೇಲೆ ಮೊದಲ ಸಲ ಅಪ್ಪನ ಹುಬ್ಬಿನಲ್ಲಿ ಒಂದು ಸುಟ್ಟ ಗೆರೆ ಇದೆ ಎಂದು ನೋಡಿದೆ. ಅವನಿಗೆ ಸೀಟಿ ಹಾಕಲು ಬರುತ್ತದೆ, ಅವನಿಗೆ ಸಮುದ್ರ ನೋಡುವ ಆಸೆ ಇದೆ, ಅವನು ಹೇಳುವ ಕಥೆಗಳಿಗೆ ಕೊನೆ ಇರುವುದಿಲ್ಲ ಎಂಬುದೆಲ್ಲ ತಿಳಿದದ್ದು ಅಲ್ಲೇ. ಬಿಸಿಲಿಗೆ ಹಳಿಗಳು ಅಲುಗಾಡಿದಂತೆ ಕಾಣುತ್ತಿದ್ದವು. ದೂರದ ಸಿಗ್ನಲ್ ಗಾಳಿಯಲ್ಲಿ ತೇಲುತ್ತಿತ್ತು. ಅಪ್ಪ ಮಾತಾಡುತ್ತ ಮಾತಾಡುತ್ತ ಸುಮ್ಮನಾಗುತ್ತಿದ್ದ. ನನಗೂ ತೂಕಡಿಕೆ. ಎಲ್ಲೋ ಹಳಿ ಸಣ್ಣಗೆ ಝುಂ ಎಂದಾಗ ಇಬ್ಬರೂ ಒಟ್ಟಿಗೆ ಕಣ್ಣು ಬಿಡುತ್ತಿದ್ದೆವು. ಆ ರಜ ಮುಗಿಯಬಾರದು, ಕಾರ್ಖಾನೆಗೆ ಆರ್ಡರ್ ಬರಬಾರದು ಎಂದು ನಾನು ದೇವರಲ್ಲಿ ಬೇಡಿಕೊಂಡದ್ದೂ ಇದೆ. ದೇವರಿಗೆ ಒಂದೇ ಮನೆಯಿಂದ ಎರಡು ಅರ್ಜಿ ಹೋಗುತ್ತಿದ್ದವು, ಒಂದಕ್ಕೊಂದು ತದ್ವಿರುದ್ಧ.

ನಮ್ಮ ಜೊತೆ ಮುರುಗೇಶ್ ಮಾಮ ಇರುತ್ತಿದ್ದರು. ಅವರೂ ಮೋಲ್ಡರ್, ಅಪ್ಪನ ಪಕ್ಕದಲ್ಲೇ ಇಪ್ಪತ್ತು ವರ್ಷ ಮರಳು ಬಡಿದವರು. ಅವರ ಅಜ್ಜನ ಕಾಲಕ್ಕೆ ಸೇಲಂ ಕಡೆಯಿಂದ ಬಂದ ಮನೆತನ. ಮೂರು ಹೆಣ್ಣುಮಕ್ಕಳು. ನನ್ನನ್ನು 'ಪಾಪಾ' ಎಂದೇ ಕರೆಯುತ್ತಿದ್ದರು. ನಾನು ಟೀಚರಾಗಿ ಸೀರೆ ಉಟ್ಟ ಮೇಲೂ ಅದು ಬದಲಾಗಲಿಲ್ಲ. ಅವರಿಬ್ಬರೂ ಗಾಡಿಯನ್ನು ನನ್ನ ಹಾಗೆ ನೋಡುವುದಿಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ದಿನ ಬೇಕಾಯಿತು. ಕಾರ್ಖಾನೆ ಕಡೆ ಹೋಗುವ ಗೂಡ್ಸ್ ಬಂದರೆ ಇಬ್ಬರೂ ಮಾತು ನಿಲ್ಲಿಸಿ ಮುಂದಕ್ಕೆ ಬಾಗುತ್ತಿದ್ದರು. ತುಂಬಿ ಬಂತು ಎಂದರೆ ಕಲ್ಲಿದ್ದಲು ಬಂತು, ಫರ್ನೆಸ್ ಹೊತ್ತುತ್ತದೆ, ಕೆಲಸಕ್ಕೆ ಕರೆಯುತ್ತಾರೆ. ಖಾಲಿ ಬಂತು ಎಂದರೆ ಗೋಡೌನಿನಲ್ಲಿ ಉಳಿದದ್ದನ್ನು ಹೊತ್ತುಕೊಂಡು ಹೋಗಲು ಬಂತು ಎಂದು ಅವರ ಲೆಕ್ಕ. ನಾನು ಆಟ ಅಂದುಕೊಂಡು ಸ್ಪ್ರಿಂಗ್ ಎಣಿಸುತ್ತಿದ್ದರೆ, ಅವರು ತಮ್ಮ ಜಾತಕ ಓದುತ್ತಿದ್ದರು.

ಮೇ ತಿಂಗಳಲ್ಲಿ ಮಾಚೇನಹಳ್ಳಿಯ ಒಂದು ಸಣ್ಣ ಫೌಂಡ್ರಿಯಿಂದ ಅಪ್ಪನಿಗೆ ಹೇಳಿಕಳಿಸಿದರು. ಒಬ್ಬ ಒಳ್ಳೆಯ ಮೋಲ್ಡರ್ ಬೇಕು, ಒಬ್ಬನೇ ಸಾಕು, ಸೋಮವಾರದೊಳಗೆ ಹೇಳಬೇಕು. ಹೋಗುವುದಾದರೆ ಕಾರ್ಖಾನೆಗೆ ಸ್ವಯಂ ನಿವೃತ್ತಿಯ ಫಾರಂ ಕೊಡಬೇಕು, ಕ್ವಾರ್ಟರ್ಸ್ ಬಿಡಬೇಕು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಕತ್ತಲಾದ ಮೇಲೆ ಮನೆ. ಅಪ್ಪ ಫಾರಂ ಮಡಚಿ ಅಂಗಿ ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಓಡಾಡಿದ. ತಾನು ಒಲ್ಲೆ ಎಂದರೆ ಆ ಜಾಗ ಮುರುಗೇಶ್ ಮಾಮನಿಗೆ ಎಂದು ಇಬ್ಬರಿಗೂ ಗೊತ್ತಿತ್ತು. ಆ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ.

ಶನಿವಾರ ಅಪ್ಪ ದಿಬ್ಬದ ಮೇಲೆ ಕೂತು, "ನೋಡೋ ಮುರುಗೇಶ, ಇವತ್ತೊಂದು ಗೂಡ್ಸ್ ಇದೆಯಂತೆ. ತುಂಬಿ ಬಂದ್ರೆ ಇರ್ತೀನಿ. ಖಾಲಿ ಬಂದ್ರೆ ಮಾಚೇನಹಳ್ಳಿಗೆ ಹೋಗ್ತೀನಿ. ಮುಗೀತು" ಎಂದ. ದೇವರ ಮುಂದೆ ಹೂವಿನ ಪ್ರಸಾದ ಕೇಳುವ ಹಾಗೆ ಅಪ್ಪ ರೈಲನ್ನು ಕೇಳಿದ್ದ. ನಗಬೇಡಿ. ಯೋಚನೆ ಮಾಡಿ ಮಾಡಿ ಸುಸ್ತಾದ ಮನುಷ್ಯ ಯಾರನ್ನಾದರೂ ಕೇಳುತ್ತಾನೆ.

ಮೂರು ಗಂಟೆಯಾಯಿತು, ಗಾಡಿ ಬರಲಿಲ್ಲ. ಸಹಿ ಹಾಕದಿದ್ದರೆ ದಿನದ ಸಂಬಳ ಹೋಗುತ್ತದೆ. ಮಾಮ ಅವತ್ತು ಬೇಗ ಹೋಗಿ ಹಾಕಿ ಬಂದಿದ್ದರು. "ನೀನು ನೋಡಿರು ಮಗಳೇ, ಬಂದೆ" ಎಂದು ಅಪ್ಪ ಮಾಮನ ಸೈಕಲ್ ಹತ್ತಿದ. ಅವನು ಕಣ್ಮರೆಯಾಗಿ ಹತ್ತು ನಿಮಿಷವೂ ಆಗಿರಲಿಲ್ಲ, ಗಾಡಿ ಬಂತು.

ಮೊದಲ ಡಬ್ಬಿಯ ಸ್ಪ್ರಿಂಗ್ ಬಿಡಿಬಿಡಿಯಾಗಿತ್ತು. ಎರಡನೆಯದೂ ಹಾಗೇ. ಮುಂದಿನದಾದರೂ ಅಮುಕಿರಲಿ ಎಂದುಕೊಳ್ಳುತ್ತ ಒಂದೊಂದನ್ನೇ ನೋಡಿದೆ. ಖಾಲಿ ತಗಡು ಗಡಗಡ ಸದ್ದು ಮಾಡುತ್ತ ಇಡೀ ಗಾಡಿ ನನ್ನ ಮುಂದೆ ಹಾದುಹೋಯಿತು. ಕೊನೆಯಲ್ಲಿ ಗಾರ್ಡ್ ನನಗೆ ಕೈ ಬೀಸಿದ. ನಾನು ಬೀಸಲಿಲ್ಲ. ಮುರುಗೇಶ್ ಮಾಮ ಬೀಡಿ ಆರಿದ್ದೂ ಗೊತ್ತಿಲ್ಲದೆ ಕೂತಿದ್ದರು.

ಅಪ್ಪ ಏದುಸಿರು ಬಿಡುತ್ತ ಬಂದ. ಸೈಕಲ್ ಇಳಿಯುವ ಮೊದಲೇ "ಬಂತಾ?" ಎಂದ.

"ಬಂತು."

"ಏನು?"

"ತುಂಬಿತ್ತಪ್ಪ" ಎಂದೆ.

ಅಪ್ಪ ಮಾಮನ ಕಡೆ ತಿರುಗಿದ. ಮಾಮ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ತಲೆ ಎತ್ತದೆಯೇ, "ಆಮಾ ಅಣ್ಣ, ಹೌದು, ತುಂಬಿತ್ತು. ನಾನೂ ನೋಡ್ದೆ" ಎಂದರು.

ಅಪ್ಪ ಜೇಬಿನಿಂದ ಫಾರಂ ತೆಗೆದು ನಾಲ್ಕು ಚೂರು ಮಾಡಿದ. "ಹಂಗಾದ್ರೆ ಮಾಚೇನಹಳ್ಳಿಗೆ ನೀನೇ ಹೋಗು ಮಾರಾಯ" ಎಂದು ಮಾಮನ ಬೆನ್ನು ತಟ್ಟಿದ. ಸಂಜೆ ಮುದುಕ ಬಂದ ಮೇಲೆ ಎಲ್ಲರಿಗೂ ಖಾರ ಮಂಡಕ್ಕಿ ಕೊಡಿಸಿದ. ಸುಳ್ಳು ಹೇಳಿದವಳಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಪೊಟ್ಟಣದ ತಳದ ಶೇಂಗಾವರೆಗೂ ತಿಂದೆ.

ಇಳಿಯದೆ ಹೋದದ್ದು ಆಮೇಲೆ. ಕಾರ್ಖಾನೆ ಎರಡು ತಿಂಗಳು ಕರೆದರೆ ನಾಲ್ಕು ತಿಂಗಳು ಕರೆಯುತ್ತಿರಲಿಲ್ಲ. ಹಾಗೆ ಕುಂಟುತ್ತ ಅಪ್ಪನ ಸರ್ವೀಸು ಮುಗಿಯಲು ವರ್ಷಗಳೇ ಹಿಡಿದವು. ಅಮ್ಮ ಅಕ್ಕಪಕ್ಕದವರ ಸೀರೆಗಳಿಗೆ ಫಾಲ್ಸ್ ಹಾಕಲು ಶುರುಮಾಡಿದಳು. ಕಿಟಕಿಯ ಹತ್ತಿರ ಕಣ್ಣು ಕಿರಿದು ಮಾಡಿಕೊಂಡು ಸೂಜಿ ಪೋಣಿಸುತ್ತಿದ್ದಳು. ನಾನು ಪಿಯುಸಿ ಆದಕೂಡಲೇ ಟೀಚರ್ ಟ್ರೈನಿಂಗಿಗೆಂದು ಟಿ.ಸಿ.ಎಚ್. ಸೇರಿದೆ, ಬೇಗ ಕೆಲಸ ಸಿಗಲಿ ಎಂದು. ಎಷ್ಟು ಜವಾಬ್ದಾರಿಯ ಹುಡುಗಿ ಎಂದು ಎಲ್ಲರೂ ಹೊಗಳಿದರು. ಅದು ಜವಾಬ್ದಾರಿಯಲ್ಲ, ತಪ್ಪು ಮಾಡಿದವಳ ಓಟ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಮುರುಗೇಶ್ ಮಾಮ ಮಾಚೇನಹಳ್ಳಿಯಲ್ಲಿ ದುಡಿದು ಮೂರು ಹೆಣ್ಣುಮಕ್ಕಳ ಮದುವೆ ಮಾಡಿದರು. ಆ ದಿನ ಅವರು ನನ್ನ ಮುಖ ನೋಡಿ ನನಗಾಗಿ ಸುಳ್ಳು ಹೇಳಿದರೋ, ಆ ಕೆಲಸಕ್ಕಾಗಿಯೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕೇಳಲು ಧೈರ್ಯ ಬರಲಿಲ್ಲ. ಕೇಳಬೇಕಾದರೆ ಮೊದಲು ನನ್ನದನ್ನು ಹೇಳಬೇಕಲ್ಲ.

ಈಗ ಅಪ್ಪ ಅಮ್ಮ ಇಬ್ಬರೂ ಶಿವಮೊಗ್ಗದಲ್ಲಿ ನನ್ನ ಜೊತೆಗೇ ಇದ್ದಾರೆ. ಮೊನ್ನೆ ಗೇಟಿನಿಂದ ಮನೆಗೆ ಬಂದವಳು ಸೊಪ್ಪನ್ನು ಮೇಜಿನ ಮೇಲಿಟ್ಟು, ಕೈಕಾಲು ತೊಳೆಯದೆ, ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪನ ಮುಂದೆ ನಿಂತೆ. ಅಮ್ಮ ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಿದ್ದಳು.

"ಅಪ್ಪ, ಅವತ್ತು ದಿಬ್ಬದ ಮೇಲೆ ನಾನು ತುಂಬಿತ್ತು ಅಂದೆನಲ್ಲ, ಆ ಗಾಡಿ ಖಾಲಿ ಇತ್ತು."

ಅಪ್ಪ ಪೇಪರ್ ಇಳಿಸಿದ. "ಗೊತ್ತು" ಎಂದ.

"ಹೆಂಗೆ ಗೊತ್ತು?"

"ಮುರುಗೇಶ ಮಾರನೇ ದಿನ ಬೆಳಿಗ್ಗೆನೇ ಬಂದು ಅತ್ತುಬಿಟ್ಟ. ಕೆಲಸ ನಂಗೆ ಬೇಡ ಅಣ್ಣ, ನೀನೇ ಹೋಗು ಅಂದ. ಅವನಿಗೆ ಒಂದು ರಾತ್ರಿನೂ ತಡ್ಕೊಳಕ್ಕಾಗ್ಲಿಲ್ಲ. ನೀನು ನೋಡು, ಇಪ್ಪತ್ತು ವರ್ಷದ ಮೇಲಾಯ್ತು! ನೀನೇ ಹೇಳ್ಲಿ ಅಂತ ನಾನೂ ಸುಮ್ನಿದ್ದೆ. ಇಷ್ಟು ತಡ ಮಾಡ್ತೀಯ ಅಂತ ಗೊತ್ತಿದ್ರೆ ನಾನೇ ಕೇಳ್ತಿದ್ದೆ ಮಾರಾಯ್ತಿ."

ನಾನು ಅಲ್ಲೇ ನೆಲದ ಮೇಲೆ ಕೂತೆ. "ಅಂದ್ರೆ ಭಾನುವಾರವೇ ಗೊತ್ತಿತ್ತಾ? ಇನ್ನೊಂದು ದಿನ ಇತ್ತಲ್ಲಪ್ಪ. ಮತ್ತೆ ಯಾಕೆ ಹೋಗ್ಲಿಲ್ಲ?"

ಅಪ್ಪ ಬೀದಿ ಕಡೆ ತಿರುಗಿ ಹೇಳಿದ. "ಅವನಿಗೆ ಮೂರು ಹೆಣ್ಣು. ನೀನೋ, ಅದುವರೆಗೂ ಒಂದು ಸುಳ್ಳು ಹೇಳಿದವಳಲ್ಲ. ನಾನು ಇಲ್ಲಿರೋದು ಇವಳಿಗೆ ಇಷ್ಟು ಬೇಕಾ ಅನ್ನಿಸ್ತು. ನಂಗೂ, ನಿಜ ಹೇಳ್ತೀನಿ, ಆ ದಿಬ್ಬ ಬಿಟ್ಟು ಹೋಗೋಕೆ ಮನಸ್ಸಿರಲಿಲ್ಲ."

ನನಗೆ ಅಳು ಬಂತು. ನಲವತ್ತು ದಾಟಿದ ಮೇಲೆ ಅಪ್ಪನ ಎದುರು ಅಳುವುದರಲ್ಲಿ ಒಂದು ಸುಖವೂ ಇದೆ. ಎದೆಯ ಮೇಲಿನ ಕಲ್ಲು ಇಳಿಯಿತು, ಇನ್ನು ಕೈಕಾಲು ತೊಳೆಯೋಣ ಎಂದು ಕಣ್ಣೊರೆಸಿಕೊಂಡು ಏಳುವಾಗ ಅಮ್ಮನ ಕೈ ನಿಂತಿರುವುದು ಕಂಡಿತು. ಮಡಿಲಲ್ಲಿ ಅವರೆಕಾಳಿನ ಸಿಪ್ಪೆ ಹಾಗೇ ಇತ್ತು.

"ನಿನಗೂ ಗೊತ್ತಿತ್ತಾ ಅಮ್ಮ?"

"ಯಾವ ಗಾಡಿ, ಯಾವ ಸುಳ್ಳು, ನಂಗೆ ಇವತ್ತೇ ಗೊತ್ತಾಗ್ತಿರೋದು" ಎಂದಳು ಅಮ್ಮ. ಸಿಟ್ಟಿಲ್ಲದ ದನಿಯಲ್ಲೇ ಅಪ್ಪನ ಕಡೆ ತಿರುಗಿದಳು. "ಮಾಚೇನಹಳ್ಳಿಯವರು ಬೇಡ ಅಂದ್ರು ಅಂತ ಅಲ್ವಾ ನೀವು ನಂಗೆ ಹೇಳಿದ್ದು? ಮೂರು ಜನ ಕೂತು ತೀರ್ಮಾನ ಮಾಡಿದ್ರಿ. ಒಬ್ಬರಾದ್ರೂ ಮನೆಗೆ ಬಂದು ನನ್ನನ್ನ ಕೇಳಿದ್ರಾ?"

ಅಪ್ಪ ಪೇಪರನ್ನು ಮಡಚಿದ, ಮತ್ತೆ ಮಡಚಿದ. ಇಷ್ಟು ವರ್ಷ ನಾನು ಯಾರಿಗೆ ತಪ್ಪೊಪ್ಪಿಕೊಳ್ಳಬೇಕೆಂದು ಒದ್ದಾಡಿದೆನೋ ಅವನೂ ನನ್ನ ಜೊತೆಗೇ ಕಟಕಟೆಯಲ್ಲಿದ್ದ. "ಕೇಳಿದ್ರೆ ಏನು ಹೇಳ್ತಿದ್ದೆ ಅಮ್ಮ?" ಎಂದೆ.

ಅಮ್ಮ ಒಂದು ಅವರೆಕಾಯಿ ಕೈಗೆ ತೆಗೆದುಕೊಂಡು, ಬಿಡಿಸದೆ ಹಿಡಿದುಕೊಂಡಳು. "ಈಗ ಕೇಳಿದೆಯಲ್ಲ. ಯೋಚನೆ ಮಾಡ್ತೀನಿ ಇರು" ಎಂದಳು.

ಅಪ್ಪನೂ ನಾನೂ ಪಕ್ಕಪಕ್ಕದಲ್ಲಿ, ಅವಳ ಮುಖ ನೋಡುತ್ತ ಕಾದು ಕೂತೆವು.