ಅಬಾಯದೊಳಗಿನ ಕುಂಗ್‌ಫು

ಹಳೇ ಕಾಲದ ಕುಂಗ್‌ಫು ಈಗೆಲ್ಲಿದೆ, ಎಲ್ಲಾ ಬರೀ ಸಿನಿಮಾದ ಹಾರಾಟ ಎಂದು ಯಾರಾದರೂ ನನ್ನೆದುರು ಹೇಳಿದರೆ ಮೈ ಉರಿಯುತ್ತದೆ. ಸ್ವಾಮಿ, ನಾನು ಕಲಿತವಳು. ತೊಂಬತ್ತರ ದಶಕದಲ್ಲಿ, ಸೌದಿಯ ದಮ್ಮಾಮಿನ ಒಂದು ಬಾಡಿಗೆ ಕಟ್ಟಡದ ತಾರಸಿಯ ಮೇಲೆ, ಮೈತುಂಬ ಮುಚ್ಚುವ ಕಪ್ಪು ಅಬಾಯ ಹಾಕಿಕೊಂಡು. ಎದುರಿನ ಎತ್ತರದ ಕಟ್ಟಡದ ಕಿಟಕಿಗಳಿಗೆ ನಾವು ಕಾಣುತ್ತಿದ್ದೆವಾದ್ದರಿಂದ ಅದು ಬೇಕೇ ಬೇಕಿತ್ತು. ಒಳಗೆ ಕಾಲು ಎಷ್ಟು ಎತ್ತಿದ್ದೇನೆ ಎಂದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ, ಅದೊಂದು ಅನುಕೂಲ.

ಕಲಿಸಿದವರು ನಮ್ಮ ಮೇಲಿನ ಮನೆಯ ಚೀನಾ ಮಾಮಿ. ಚೀನಾದ ಮುಸ್ಲಿಮರು, ಗಂಡನ ಜೊತೆ ಹಜ್ಜಿಗೆಂದು ಬಂದವರು ಇಲ್ಲೇ ನಿಂತುಬಿಟ್ಟಿದ್ದರು. ಗಂಡ ಒಂದು ಸಣ್ಣ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು. ಮಾಮಿಗೆ ಅರವತ್ತರ ಹತ್ತಿರದ ಪ್ರಾಯ, ನನ್ನ ಭುಜಕ್ಕೂ ಬಾರದ ಎತ್ತರ. ಒಂದು ಸಂಜೆ ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಹೋದಾಗ ಅವರು ನಿಧಾನಕ್ಕೆ ಕೈ ಬೀಸುತ್ತಿದ್ದರು. ಸೊಳ್ಳೆ ಓಡಿಸುತ್ತಿದ್ದಾರೆ ಅಂದುಕೊಂಡು ನಾನು ಸಹಾಯಕ್ಕೆ ಹತ್ತಿರ ಹೋದೆ. ಮುಂದಿನ ಕ್ಷಣ ನಾನು ಬಟ್ಟೆಯ ರಾಶಿಯ ಸಮೇತ ಗೋಡೆಗೆ ಒರಗಿ ನಿಂತಿದ್ದೆ. ನೂಕಿದ್ದಲ್ಲ, ಪರದೆ ಸರಿಸಿದ ಹಾಗೆ ಸರಿಸಿದ್ದು. ನೋವಾಗಲಿಲ್ಲ, ಆದರೆ ನನಗೂ ಇದು ಬೇಕು ಅನಿಸಿತು.

ಮನೆಯಲ್ಲಿ ಹೇಳಿದಾಗ ನನ್ನ ಗಂಡ ಊಟದ ಬಟ್ಟಲಿನಿಂದ ತಲೆ ಎತ್ತಿ, "ಇಷ್ಟು ದಿನ ಬಾಯಲ್ಲಿ ಹೊಡೆದದ್ದು ಸಾಲದಾ ಮಾರಾಯ್ತಿ? ಇನ್ನು ಕೈಯಲ್ಲೂ ಉಂಟಾ?" ಎಂದರು.

ಒಬ್ಬಳೇ ಹೋಗಲು ನಾಚಿಕೆಯಾಗಿ ಎದುರು ಮನೆಯ ಬ್ಯಾರಿ ಅಕ್ಕನನ್ನೂ ಎಳೆದುಕೊಂಡು ಹೋದೆ. ನಾನು ಕುಂದಾಪುರದ ಕಡೆಯ ಕ್ರಿಶ್ಚಿಯನ್ನಳು, ಬ್ಯಾರಿ ಭಾಷೆಯೂ ತುಳುವೂ ಬಾರದು. ಅಕ್ಕನಿಗೆ ಕೊಂಕಣಿ ಬಾರದು. ಹಾಗಾಗಿ ನಮ್ಮಿಬ್ಬರ ಜಗಳವೆಲ್ಲ ಕನ್ನಡದಲ್ಲಿ. ಮಾಮಿಯ ಜೊತೆ ಅಂಗಡಿಯ ಅರಬಿ, ಉಳಿದದ್ದು ಕೈಸನ್ನೆ.

ಮಾಮಿ ಮೊದಲ ದಿನವೇ ವಿಷಯ ಬಿಚ್ಚಿ ಹೇಳಿದರು. ಈ ವರಸೆ ಅವರ ಮನೆತನದ್ದು. ತಂದೆಗೆ ಗಂಡುಮಕ್ಕಳಿಲ್ಲದೆ ಮಗಳಿಗೆ ಕಲಿಸಿದ್ದರು, ಕೂದಲೆಳೆಯಷ್ಟೂ ಬದಲಿಸದೆ ಒಬ್ಬರಿಗಾದರೂ ದಾಟಿಸಬೇಕು ಎಂದು ಮಾತು ತೆಗೆದುಕೊಂಡಿದ್ದರು. ಮಾಮಿಯ ಮಗ ಜಿದ್ದಾದಲ್ಲಿ ಲಾರಿ ಓಡಿಸುತ್ತಾನೆ, ಅವನಿಗೆ ಫುಟ್‌ಬಾಲ್ ಸಾಕು. ಈಗ ಗಂಡನಿಗೆ ಕೆಲಸದ ವೀಸಾ ಕೊಟ್ಟಿದ್ದ ಕಫೀಲ್ ಹೋಟೆಲು ಮುಚ್ಚುತ್ತಿದ್ದಾನೆ, ಇಲ್ಲಿರಲು ಬೇಕಾದ ಇಕಾಮಾ ಪರವಾನಗಿ ಮುಂದುವರಿಯುವುದಿಲ್ಲ, ಈದ್ ಕಳೆದರೆ ಇಲ್ಲಿಂದ ಹೊರಡಬೇಕು. "ಅಷ್ಟರೊಳಗೆ ಒಬ್ಬಳಾದರೂ," ಎಂದು ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿದರು. ಬೇರೆ ಯಾರೂ ಸಿಗಲಿಲ್ಲ ಎನ್ನುವುದು ಆ ಮುಖದಲ್ಲೇ ಇತ್ತು.

ಹಾರುವುದು, ಒದೆಯುವುದು, "ಹೂ" "ಹಾ" ಎಂದು ಕೂಗುವುದು ಇರುತ್ತದೆ ಎಂದು ನಾವು ಆಸೆಪಟ್ಟಿದ್ದೆವು. ಎಂತದೂ ಇಲ್ಲ. ಬರೀ ನಿಲ್ಲುವುದು. ಕುದುರೆಯ ಮೇಲೆ ಕೂತ ಹಾಗೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ. ಕುದುರೆ ಒಂದಿಲ್ಲ, ಅಷ್ಟೇ. ವಾರಗಟ್ಟಲೆ ಇದೇ ಆಯಿತು.

"ಇದೆಂತ ಕುಂಗ್‌ಫು ಮಾರಾಯ್ತಿ? ಕಕ್ಕಸಿಗೆ ಕೂತ ಹಾಗೆ ಉಂಟು. ನನ್ನ ಸೊಂಟ ಹೋಯಿತು," ಎಂದು ಅಕ್ಕ ನರಳುತ್ತಿದ್ದಳು. ಆಮೇಲೊಂದು ದಿನ ಇದ್ದಕ್ಕಿದ್ದಂತೆ ಅವಳ ನರಳಾಟ ನಿಂತಿತು. ನನ್ನ ತೊಡೆ ಗಡಗಡ ನಡುಗುತ್ತಿದ್ದರೆ ಅವಳು ಪಕ್ಕದಲ್ಲಿ ಮದುಮಗಳ ಹಾಗೆ ಶಾಂತವಾಗಿ ಇದ್ದಳು. ಮಾಮಿ "ಮಾಶಾ ಅಲ್ಲಾ" ಎಂದು ಅವಳ ಸುತ್ತ ಒಂದು ಸುತ್ತು ಬಂದು, "ಇವಳನ್ನು ನೋಡಿ ಕಲಿ," ಎಂದು ನನ್ನ ತಲೆಗೆ ಮೊಟಕಿದರು. ನನಗೆ ಹೊಟ್ಟೆಕಿಚ್ಚಿನಿಂದ ಕಣ್ಣಲ್ಲಿ ನೀರೇ ಬಂತು.

ಅಕ್ಕನಿಗೆ ಹೊಗಳಿಕೆ ತಲೆಗೇರಿತು. ಮಾಮಿ ಆ ಕಡೆ ತಿರುಗಿದಾಗಲೆಲ್ಲ ಅಬಾಯದ ತೋಳಿನೊಳಗಿಂದ ನೆಲಗಡಲೆ ತೆಗೆದು ಬಾಯಿಗೆ ಹಾಕಿಕೊಳ್ಳತೊಡಗಿದಳು. ಅಷ್ಟರಲ್ಲಿ ಮಾಮಿ "ಯಲ್ಲಾ, ಒಂದು ಹೆಜ್ಜೆ ಮುಂದೆ," ಎಂದರು. ನಾನು ಇಟ್ಟೆ. ಅಕ್ಕನೂ ಇಟ್ಟಳು. ಅವಳ ಹಿಂದೆ ಅಬಾಯದೊಳಗಿಂದ ಲಟಪಟ ಲಟಪಟ ಎಂದು ಬೋರಲು ಹಾಕಿದ್ದ ಬಾಲ್ದಿಯೂ ಬಂತು. ಹಿಡಿಕೆ ಬಟ್ಟೆಗೆ ಸಿಕ್ಕಿಕೊಂಡಿತ್ತು. ಆ ದರಿದ್ರದವಳು ವಾರವಿಡೀ ಬಾಲ್ದಿಯ ಮೇಲೆ ಕೂತು ಕುಂಗ್‌ಫು ಮಾಡಿದ್ದಳು!

ನಾನು ನೆಲಕ್ಕೆ ಬಿದ್ದು ನಕ್ಕೆ. ಮಾಮಿ ನಗಲಿಲ್ಲ. ಬಾಲ್ದಿಯನ್ನು ಬಿಡಿಸಿ ಅದರ ಮೇಲೆ ತಾವೇ ಕೂತು, "ನನಗೆ ಸಮಯ ಇಲ್ಲ," ಎಂದಷ್ಟೇ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು. ಅಕ್ಕ ನೆಲಗಡಲೆಯನ್ನೆಲ್ಲ ತೆಗೆದು ಅವರ ಮಡಿಲಿಗೆ ಹಾಕಿದಳು. ಮರುದಿನದಿಂದ ಇಬ್ಬರೂ ಸರಿಯಾಗಿ ನಿಂತೆವು.

ನಿಲ್ಲಲು ಬಂದ ಮೇಲೆ ಮಾಮಿ ವರಸೆ ಹಿಡಿದರು. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವಾಗಲೂ ನನ್ನ ಎಡಗೈ ತಾನಾಗಿ ಮೇಲೇಳುತ್ತಿತ್ತು. ಗಂಡ ಉಪ್ಪು ಕೇಳುವ ಮೊದಲು ಎರಡು ಅಡಿ ದೂರ ನಿಲ್ಲುತ್ತಿದ್ದರು, ಪಾಪ. ರಂಜಾನಿನಲ್ಲಿ ಮಾಮಿಯೂ ಅಕ್ಕನೂ ಉಪವಾಸ. ಆದರೂ ಒಂದು ದಿನ ಬಿಡಲಿಲ್ಲ. ಅವರ ಬಾಯಿ ಒಣಗಿರುವಾಗ ನಾನು ಹೊಟ್ಟೆ ತುಂಬ ತಿಂದು ಹೋಗುವುದು ಸರಿಯಲ್ಲವೆಂದು ನಾನೂ ಮಧ್ಯಾಹ್ನದ ಊಟ ಬಿಟ್ಟೆ. ನನ್ನ ಗಂಡ "ಇನ್ನು ನಮಾಜು ಒಂದು ಬಾಕಿ" ಎಂದು ತಮಾಷೆ ಮಾಡಿದರು.

ಈದ್ ಕಳೆದ ಶುಕ್ರವಾರ ಮಾಮಿಗೆ ಬೀಳ್ಕೊಡುಗೆಯ ಊಟ. ಊರ ಹೊರಗೆ ಒಂದು ಇಸ್ತಿರಾಹ, ಅಂದರೆ ಸುತ್ತ ಗೋಡೆ, ನಡುವೆ ಅಂಗಳ ಇರುವ ಬಾಡಿಗೆಯ ವಿಶ್ರಾಂತಿಮನೆ, ಹಿಡಿದಿದ್ದೆವು. ಗೋಡೆಯ ಆ ಕಡೆ ಗಂಡಸರು ಮಾಂಸ ಸುಡುತ್ತಿದ್ದರು. ಈ ಕಡೆ ನಾವು ಮೂವರೇ. ಮಾಮಿ ಚಾಪೆಯ ಮೇಲೆ ಕೂತು, "ಮೊದಲಿಂದ ಕೊನೆಯವರೆಗೆ," ಎಂದರು.

ಶುರುಮಾಡಿದೆವು. ಯೇಸುವೇ, ಎಷ್ಟು ಚೆನ್ನಾಗಿ ಬರುತ್ತಿತ್ತು! ಕೈ ಮರೆಯಲಿಲ್ಲ, ಕಾಲು ನಡುಗಲಿಲ್ಲ. ಅರ್ಧಕ್ಕೆ ಬಂದಾಗ ಇಬ್ಬರೂ ಒಟ್ಟಿಗೆ ಎಡಕ್ಕೆ ಜಾರಿ, ಬೆನ್ನು ಬಗ್ಗಿಸಿ, ಬಳಸಿ ಹೋಗಿ, ಮತ್ತೆ ಸಾಲಿಗೆ ಬಂದೆವು.

"ನಿಲ್ಲಿ," ಎಂದರು ಮಾಮಿ. "ಅದೇನದು?"

ನಮಗೇ ಗೊತ್ತಾಗಲಿಲ್ಲ. ಇನ್ನೊಮ್ಮೆ ಮಾಡಿದೆವು, ಮತ್ತೆ ಅದೇ ಜಾಗದಲ್ಲಿ ಬಳಸಿದೆವು. ಆಗ ಅಕ್ಕ ಎದೆ ಹಿಡಿದುಕೊಂಡು, "ಯಾ ಅಲ್ಲಾ, ಟ್ಯಾಂಕಿ ಮಾರಾಯ್ತಿ!" ಎಂದಳು. ತಾರಸಿಯ ಆ ಮೂಲೆಯಲ್ಲಿ ನೀರಿನ ಟ್ಯಾಂಕಿ ಇತ್ತು. ತಗ್ಗಿನಲ್ಲಿ ಹಾದ ಪೈಪು ತಲೆಗೆ ಬಡಿಯದ ಹಾಗೆ ಬಗ್ಗಿ ಅದನ್ನು ಸುತ್ತಿ ಹೋಗುವುದು ನಮ್ಮ ಪಾಲಿಗೆ ವರಸೆಯ ಭಾಗವೇ ಆಗಿಬಿಟ್ಟಿತ್ತು.

ಅಕ್ಕ ನಕ್ಕಳು, ನಾನೂ ನಕ್ಕೆ. ಮಾಮಿಯ ಮುಖ ಕೆಂಪಾಗಿತ್ತು. "ಸರಿಯಿರಿ, ನಾನು ತೋರಿಸುತ್ತೇನೆ," ಎಂದು ಎದ್ದು ಅಂಗಳದ ನಡುವೆ ನಿಂತರು. ನೀರು ಹರಿದ ಹಾಗೆ ಮಾಡಿಕೊಂಡು ಹೋದರು. ಅರ್ಧಕ್ಕೆ ಬಂದು, ಎಡಕ್ಕೆ ಜಾರಿ, ಬೆನ್ನು ಬಗ್ಗಿಸಿದರು.

ಬಗ್ಗಿದವರು ಹಾಗೆಯೇ ನಿಂತರು. ಹಿಂದಕ್ಕೆ ಹೋಗಿ ಮತ್ತೆ ಬಂದರು, ಮತ್ತೆ ಬಗ್ಗಿದರು. ಮೂರನೇ ಸಲ ನೇರ ಹೋಗಲು ನೋಡಿದರು. ಕಾಲು ಗಾಳಿಯಲ್ಲಿ ನಿಂತಿತು, ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಎಷ್ಟೋ ವರ್ಷ ಅವರು ಒಬ್ಬರೇ ಅದೇ ತಾರಸಿಯಲ್ಲಿ ಮಾಡಿಕೊಂಡು ಬಂದಿದ್ದರು.

"ಅಪ್ಪ ಇಲ್ಲಿ ಏನು ಮಾಡುತ್ತಿದ್ದರು?" ಎಂದು ನಮ್ಮನ್ನು ಕೇಳಿದರು. ನಮ್ಮನ್ನು! ನಮಗೆ ಎದೆ ಒಡೆದುಹೋಯಿತು. ಅವರು ಅಂಗಳದಲ್ಲೇ ಕೂತು ಅತ್ತರು. ಅಕ್ಕ ಅವರ ಬೆನ್ನು ನೇವರಿಸುತ್ತ ಕೂತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಗೋಡೆಯ ಆ ಕಡೆಯಿಂದ ನನ್ನ ಗಂಡ, "ಮಾಂಸ ಬೆಂದಿದೆ, ಬನ್ನಿ, ತಣಿಯುತ್ತದೆ," ಎಂದು ಕೂಗಿದರು. ಮಾಮಿ ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡು ಎದ್ದು, ನಮ್ಮಿಬ್ಬರನ್ನು ತಮ್ಮ ಅಕ್ಕಪಕ್ಕಕ್ಕೆ ಎಳೆದು ನಿಲ್ಲಿಸಿದರು.

"ಕಾಯಲಿ," ಎಂದರು. "ಮೊದಲಿಂದ. ಟ್ಯಾಂಕಿ ಸಮೇತ."