ಎಡಗೈಯ ಸಿಗ್ನಲ್

ಇದನ್ನು ಬರೆಯಬೇಕು ಅಂದುಕೊಂಡು ಬಹಳ ವರ್ಷಗಳಾದವು. ಪ್ರತಿ ಸಲವೂ ಏನಾದರೊಂದು ನೆಪ ಸಿಗುತ್ತಿತ್ತು. ಮಗಳ ಮದುವೆ, ಹೊಸ ಮನೆ, ಕಣ್ಣಿನ ಆಪರೇಷನ್. ಈಗ ನನ್ನ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಆದರೆ ಪೆನ್ನು ಹಿಡಿಯುವುದಕ್ಕೆ ಕೈಯನ್ನು ಅಷ್ಟು ಎತ್ತಬೇಕಾಗಿಲ್ಲ. ಇದನ್ನೂ ನೆಪ ಮಾಡಿಕೊಳ್ಳುವ ಹಾಗಿಲ್ಲವಾದ್ದರಿಂದ ಬರೆಯಲು ಕೂತಿದ್ದೇನೆ.

ಅವನನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಮುಖವಲ್ಲ, ಕೈ. ಹೊಗೆಯೊಳಗಿಂದ ಮೇಲೆದ್ದ ಒಂದು ಬಲಗೈ. ತೋರುಬೆರಳು ಗಾಳಿಯಲ್ಲಿ ಸುತ್ತಿದರೆ ಮೇಲೆತ್ತು ಎಂದರ್ಥ. ಬೆರಳು ನೆಲ ನೋಡಿ ಸುತ್ತಿದರೆ ಇಳಿಸು. ಕೈ ಪೂರಾ ಎತ್ತಿ ಅಂಗೈ ತೋರಿಸಿದರೆ ನಿಲ್ಲಿಸು.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ದಾರಿಯಲ್ಲಿ ಆಗ ಕಬ್ಬಿಣದ ಎರಕ ಹೊಯ್ಯುವ ಒಂದು ಖಾಸಗಿ ಫೌಂಡ್ರಿ ಇತ್ತು. ಈಗ ಆ ಜಾಗದಲ್ಲಿ ಕಲ್ಯಾಣ ಮಂಟಪವಿದೆ. ನಾನು ಅಲ್ಲಿ ಕ್ರೇನ್ ಡ್ರೈವರ್. ಹೈಸ್ಕೂಲು ಮುಗಿಸಿದವನು ಅನ್ನುವ ಕಾರಣಕ್ಕೆ ನನ್ನನ್ನು ಮೇಲಿನ ಕ್ಯಾಬಿನ್ನಿಗೆ ಹತ್ತಿಸಿದ್ದರು. ಅವನು ಕೆಳಗೆ ನಿಂತು ನನಗೆ ಕೈ ತೋರಿಸುವವನು. ಕಬ್ಬಿಣ ಕರಗುವ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುತ್ತಿರಲಿಲ್ಲ. ಮೇಲಿನಿಂದ ನನಗೆ ಕಾಣುತ್ತಿದ್ದುದು ಹೆಲ್ಮೆಟ್ಟುಗಳು ಮತ್ತು ಅವನ ಕೈ, ಅಷ್ಟೇ. ಫೌಂಡ್ರಿಯಲ್ಲಿ ಎಲ್ಲರೂ ಅವನನ್ನು ಸಿಗ್ನಲ್ ಅಂತಲೇ ಕರೆಯುತ್ತಿದ್ದರು. ಅವನ ನಿಜವಾದ ಹೆಸರು ಕೇಳಿಸುತ್ತಿದ್ದುದು ಹಾಜರಿ ಕೂಗುವಾಗ ಮಾತ್ರ.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನನ್ನು ಛೇಡಿಸುವುದು ಅವನಿಗೆ ಅಭ್ಯಾಸವಾಗಿತ್ತು. "ನೀನು ಮೇಲಿರೋ ದೇವ್ರು ನಾಗಣ್ಣ. ಆದ್ರೆ ನಾನು ಕೈ ತೋರಿಸ್ದೇ ಇದ್ರೆ ಈ ದೇವ್ರ ಕೈಲಿ ಏನೂ ಆಗಲ್ಲ" ಅನ್ನುತ್ತಿದ್ದ. ಅವನ ಅಜ್ಜ ತಮಿಳುನಾಡಿನ ಕಡೆಯಿಂದ ಕಾರ್ಖಾನೆ ಕೆಲಸಕ್ಕೆಂದು ಭದ್ರಾವತಿಗೆ ಬಂದವರು. ಮನೆಯಲ್ಲಿ ತಮಿಳು, ಹೊರಗೆ ನಮ್ಮದೇ ಕನ್ನಡ. ಆದರೆ ಅವನ ನಿಜವಾದ ಭಾಷೆ ಎರಡೂ ಅಲ್ಲ, ಕೈಯ ಭಾಷೆ. ಹೋಟೆಲಿನಲ್ಲಿ ಟೀ ಹೇಳುವಾಗಲೂ ಬಾಯಿ ಬಿಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾವುದಾದರೂ ಬಸ್ಸು ಹಿಂದಕ್ಕೆ ಬರುತ್ತಿದ್ದರೆ, ಕಂಡಕ್ಟರ್ ಇದ್ದರೂ ಇವನೇ ಹೋಗಿ ನಿಂತು ಕೈಯಾಡಿಸುತ್ತಿದ್ದ. ಡ್ರೈವರುಗಳು ಬೈದರೆ ನಗುತ್ತಿದ್ದ.

ಭದ್ರಾವತಿಯ ಓಲ್ಡ್ ಟೌನಿನ ಅವನ ಮನೆಗೆ ಒಂದು ಭಾನುವಾರ ಊಟಕ್ಕೆ ಹೋಗಿದ್ದೆ. ಅವನ ಹೆಂಡತಿ ಸೆಲ್ವಮ್ಮ ಬಡಿಸುತ್ತಿದ್ದರು. ಸಾರು ಬೇಕಾದರೆ ಇವನು ಬೆರಳನ್ನು ತಟ್ಟೆಯ ಕಡೆ ಮಾಡಿ ಸುತ್ತುತ್ತಿದ್ದ, ಸಾಕಾದರೆ ಅಂಗೈ ಎತ್ತುತ್ತಿದ್ದ. ಆಕೆ ನನ್ನ ಕಡೆ ತಿರುಗಿ, "ನೋಡಿ ಅಣ್ಣ, ನಾನೂ ಇವ್ರಿಗೆ ಕ್ರೇನೇ" ಅಂದರು. ಅವನು ಅನ್ನ ಗಂಟಲಿಗೆ ಸಿಕ್ಕುವಷ್ಟು ನಕ್ಕ.

ಆ ಕೈ ಕೆಡುತ್ತಿದೆ ಅಂತ ಮೊದಲು ಗೊತ್ತಾದದ್ದು ನನಗೇ. ಮೇಲೆ ಕೂತವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಮೊದಮೊದಲು ಅಂಗೈ ಹೆಲ್ಮೆಟ್ಟಿನ ಮಟ್ಟಕ್ಕೆ ನಿಲ್ಲುತ್ತಿತ್ತು. ಆಮೇಲೆ ಕಿವಿಯ ಹತ್ತಿರ. ಆಮೇಲೆ ಹೊಗೆಯಲ್ಲಿ ಹುಡುಕಬೇಕಾಯಿತು. ಒಂದು ದಿನ ಇಳಿದು ಬಂದು, ಏನು ಮಾರಾಯ, ನಿದ್ದೆ ಮಾಡುತ್ತಿದ್ದೀಯಾ ಎಂದು ರೇಗಿದೆ. ಅವನು ನನ್ನನ್ನು ಮರಳಿನ ರಾಶಿಯ ಹಿಂದೆ ಕರೆದುಕೊಂಡು ಹೋಗಿ, ಶರ್ಟು ಬಿಚ್ಚಲು ನೋಡಿದ. ಬಿಚ್ಚಲಾಗಲಿಲ್ಲ. ನಾನೇ ತೋಳು ಎಳೆದುಕೊಟ್ಟೆ. ಭುಜದ ಮೇಲೆ ಊತವಿರಲಿಲ್ಲ, ಗಾಯವಿರಲಿಲ್ಲ, ಏನೂ ಇರಲಿಲ್ಲ.

ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದಿದ್ದ. ಭುಜ ಬಿಗಿದುಕೊಂಡಿದೆ, ಒಂದೆರಡು ವರ್ಷದಲ್ಲಿ ತಾನಾಗಿಯೇ ಬಿಡುತ್ತದೆ ಅಂದಿದ್ದರಂತೆ ಡಾಕ್ಟರು. "ಮೂಳೆ ಚೆನ್ನಾಗಿದೆ ಅಂದ್ರು ನಾಗಣ್ಣ. ಚೆನ್ನಾಗಿರೋದನ್ನ ಇಟ್ಕೊಂಡು ನಾನೇನ್ ಮಾಡ್ಲಿ?" ಅಂದ. ರಾತ್ರಿ ಆ ಮಗ್ಗುಲಿಗೆ ತಿರುಗಿದರೆ ಎಚ್ಚರವಾಗುತ್ತದೆ, ತಲೆ ಬಾಚುವುದೂ ಹೆಂಡತಿಯೇ, ಹಿಂದಿನ ಜೇಬಿನ ಕರ್ಚೀಪು ತೆಗೆಯಲಾಗದೆ ಅದನ್ನೀಗ ಕುತ್ತಿಗೆಗೆ ಸುತ್ತಿಕೊಳ್ಳುತ್ತೇನೆ ಎಂದೆಲ್ಲ ಹೇಳಿದ. ಕುತ್ತಿಗೆಯ ಕರ್ಚೀಪನ್ನು ನಾನು ಅಲ್ಲಿಯವರೆಗೆ ಶೋಕಿ ಅಂದುಕೊಂಡಿದ್ದೆ.

ಅವತ್ತಿನಿಂದ ಊಟದ ಹೊತ್ತಿನಲ್ಲಿ ಅವನದೊಂದು ವೈದ್ಯ ಶುರುವಾಯಿತು. ಎರಕ ತಣ್ಣಗಾದ ಮೇಲೆ ಅಚ್ಚು ಒಡೆದಾಗ ಬೀಳುವ ಕಪ್ಪು ಮರಳು ಬಹಳ ಹೊತ್ತು ಬಿಸಿಯಾಗಿರುತ್ತದೆ. ಅದನ್ನು ಟವೆಲಿನಲ್ಲಿ ಗಂಟು ಕಟ್ಟಿ ಭುಜಕ್ಕೆ ಒತ್ತಿಕೊಂಡು ಕೂರುತ್ತಿದ್ದ. ಶಾಖ ಇಳಿಯುವವರೆಗೆ ಸುಖ. ಸೈರನ್ ಆಗುವಷ್ಟರಲ್ಲಿ ಮತ್ತೆ ಅದೇ.

ಅವನು ಕಂತ್ರಾಟಿನ ಆಳು. ಕೈ ಏಳುವುದಿಲ್ಲ ಅಂತ ತಿಳಿದರೆ ಮಾರನೆಯ ದಿನ ಗೇಟಿನಲ್ಲೇ ನಿಲ್ಲಿಸುತ್ತಾರೆ. ಯಾರಿಗೂ ಹೇಳಬೇಡ ಎಂದು ಕೇಳಿಕೊಂಡ. ಎಡಗೈಯಲ್ಲಿ ತೋರಿಸುತ್ತೇನೆ, ನೋಡಿಕೋ ಅಂದ. ಅದರಲ್ಲೊಂದು ತೊಡಕಿತ್ತು. ನಮ್ಮ ಕ್ರೇನಿಗೆ ಎರಡು ಕೊಕ್ಕೆ. ದೊಡ್ಡ ಕೊಕ್ಕೆಗೆ ಬಲಗೈ, ಸಣ್ಣ ಕೊಕ್ಕೆಗೆ ಎಡಗೈ, ಅದು ನಮ್ಮ ಫೌಂಡ್ರಿಯ ರೂಢಿ. ದೊಡ್ಡ ಕೊಕ್ಕೆ ನಡೆಯುತ್ತಿರುವಾಗ ಸಣ್ಣದನ್ನು ಮುಟ್ಟುವುದೇ ಬೇಡ, ಆಗ ಯಾವ ಕೈ ಎದ್ದರೂ ಅದು ದೊಡ್ಡದಕ್ಕೇ ಎಂದು ನಾವಿಬ್ಬರೇ ಮಾತಾಡಿಕೊಂಡೆವು. ನನ್ನ ಕೈ ಹಿಡಿದು, "ನಾಗಣ್ಣ, ನಿನ್ ಕಣ್ಣಲ್ಲಿದೆ ನನ್ ಕೆಲ್ಸ" ಅಂದ.

ಕೆಲವು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು.

ಆ ದಿನ ಮಧ್ಯಾಹ್ನದ ಮೇಲೆ ಒಂದು ಭಾರಿ ಮೋಲ್ಡಿಂಗ್ ಬಾಕ್ಸನ್ನು, ಅಂದರೆ ಮರಳು ತುಂಬಿದ ಕಬ್ಬಿಣದ ಚೌಕಟ್ಟನ್ನು, ಸಾಗಿಸಿ ಇಳಿಸುತ್ತಿದ್ದೆ. ಮುಂದೆ ಎರಕಕ್ಕೆ ಸಿದ್ಧವಾದ ಅಚ್ಚುಗಳ ಸಾಲಿತ್ತು. ಅದರ ಹತ್ತಿರ ಅಚ್ಚು ಮಾಡುವ ಒಬ್ಬ ಮೋಲ್ಡರ್ ಬಗ್ಗಿ ಕೂತಿದ್ದ. ಕೆಳಗೆ ಎಡಗೈ ಎದ್ದಿತು. ನೆಟ್ಟಗೆ, ಅಂಗೈ ತೆರೆದು. ನಾನು ಅದನ್ನು ನೋಡಿದೆ. ಇದನ್ನೇ ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನೋಡಿದೆ, ಆದರೆ ನನ್ನ ಕೈ ಹಳೆಯ ಅಭ್ಯಾಸದಲ್ಲಿ ಸಣ್ಣ ಕೊಕ್ಕೆಯ ಹಿಡಿಯನ್ನು ಹಿಂದಕ್ಕೆಳೆಯಿತು. ಸಣ್ಣ ಕೊಕ್ಕೆ ಮೊದಲೇ ಸುಮ್ಮನಿತ್ತು. ದೊಡ್ಡದು ಇಳಿಯುತ್ತಲೇ ಇತ್ತು. ತಪ್ಪು ಗೊತ್ತಾಗುವಷ್ಟರಲ್ಲಿ ಬಾಕ್ಸು ಅಚ್ಚುಗಳ ಮೇಲೆ ಕೂತಿತ್ತು. ಅವನು ಓಡಿಹೋಗಿ ಆ ಮೋಲ್ಡರನ್ನು ಕಾಲು ಹಿಡಿದು ಎಳೆದಿದ್ದ, ಅದೂ ಎಡಗೈಯಲ್ಲೇ. ಹೆಲ್ಮೆಟ್ಟು ಮಾತ್ರ ಬಾಕ್ಸಿನಡಿ ಉಳಿಯಿತು.

ಸಂಜೆ ಮ್ಯಾನೇಜರ್ ರೂಮಿಗೆ ನಮ್ಮಿಬ್ಬರನ್ನೂ ಕರೆಸಿದರು. ಸಿಗ್ನಲ್ ಬಂತಾ ಅಂತ ನನ್ನನ್ನು ಕೇಳಿದರು.

"ಬರ್ಲಿಲ್ಲ ಸಾರ್" ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ಅವ್ನ ಬಲಗೈ ಮೇಲೆ ಹೋಗಲ್ಲ ಸಾರ್" ಅಂತಲೂ ಸೇರಿಸಿದೆ. ಒಂದು ಸುಳ್ಳು, ಒಂದು ನಿಜ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಅಂತ ನನಗೆ ಈಗಲೂ ತೀರ್ಮಾನಿಸಲಾಗಿಲ್ಲ.

ಮ್ಯಾನೇಜರ್ ಅವನ ಕಡೆ ತಿರುಗಿದರು. "ಎಲ್ಲಿ, ಕೈ ಎತ್ತಪ್ಪ."

ಅವನು ಎತ್ತಿದ. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನೂ ಎತ್ತಲು ಹೋಗಿ ಇಡೀ ಮೈಯನ್ನು ಒಂದು ಕಡೆಗೆ ವಾಲಿಸಿದ. ಭುಜ ಕಿವಿಗೆ ತಾಗಿತು, ಕೈ ಅಲ್ಲೇ ಇತ್ತು. ಹಣೆಯಲ್ಲಿ ಬೆವರು ಒಡೆಯಿತು. ಮ್ಯಾನೇಜರ್ ಸಾಕು ಅನ್ನಲಿಲ್ಲ. ನಾನೂ ಅನ್ನಲಿಲ್ಲ.

"ಎಡಗೈ ಎತ್ತಿದ್ದೆ ಸಾರ್" ಅಂದ. ಹೇಳಿ ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ. ದಿನವೂ ಕೆಳಗಿನಿಂದ ಕತ್ತೆತ್ತಿ, ಕಂಡಿತಾ ಅಂತ ಕೇಳುವ ಹಾಗೆ ನೋಡುತ್ತಿದ್ದನಲ್ಲ, ಹಾಗೆಯೇ. ನಾನು ನೆಲ ನೋಡಿದೆ. ಎಡಗೈ ಇರುವುದು ಸಣ್ಣ ಕೊಕ್ಕೆಗಲ್ಲವೇನಯ್ಯ ಎಂದರು ಮ್ಯಾನೇಜರ್. ನಮ್ಮ ಒಪ್ಪಂದದ ಮಾತನ್ನು ಅವನು ಆಡಲಿಲ್ಲ. ಆಡಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಕುತ್ತಿಗೆಯ ಕರ್ಚೀಪು ಬಿಚ್ಚಿ ಮುಖ ಒರೆಸಿಕೊಂಡು ಹೊರಗೆ ಹೋದ.

ಮಾರನೆಯ ದಿನದಿಂದ ಬೇರೊಬ್ಬನ ಕೈ. ನಾನು ರಿಟೈರಾಗುವವರೆಗೂ ಕ್ರೇನ್ ಓಡಿಸಿದೆ.

ಅವನನ್ನು ಕೊನೆಗೆ ನೋಡಿದ್ದು ಒಂದೆರಡು ವರ್ಷದ ಮೇಲೆ, ಓಲ್ಡ್ ಟೌನಿನಲ್ಲಿ. ನಾನು ಶಿವಮೊಗ್ಗದ ಬಸ್ಸು ಹತ್ತುವುದಕ್ಕೆ ನಿಂತಿದ್ದೆ. ರಸ್ತೆಯ ಆಚೆ, ಅಕ್ಕಿ ಮಂಡಿಯ ಮುಂದೆ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಅದಕ್ಕೆ ಕೈ ತೋರಿಸುತ್ತಿದ್ದವನು ಅವನೇ. ಮಂಡಿಯಲ್ಲಿ ಮೂಟೆ ಎಣಿಸುವ ಕೆಲಸ ಸಿಕ್ಕಿದೆ ಅಂತ ಯಾರೋ ಹೇಳಿದ್ದರು. ನನ್ನನ್ನು ಕಂಡ. ಕಂಡವನೇ ಬಲಗೈಯನ್ನು ತಲೆಯ ಮೇಲೆ ಪೂರಾ ಎತ್ತಿದ. ಎತ್ತಿ, ತೋರುಬೆರಳನ್ನು ಗಾಳಿಯಲ್ಲಿ ಸುತ್ತಿ, ಹಲ್ಲು ತೋರಿಸಿ ನಕ್ಕ. ನೋಡು ನಾಗಣ್ಣ, ಎದ್ದಿತು ಅಂತ. ಡಾಕ್ಟರು ಹೇಳಿದ್ದ ಹಾಗೆಯೇ ಭುಜ ತಾನಾಗಿ ಬಿಟ್ಟಿತ್ತು.

ರಸ್ತೆ ದಾಟಿದ್ದರೆ ಸಾಕಿತ್ತು. ನನ್ನ ಎರಡೂ ಕೈ ಆಗ ಗಟ್ಟಿಯಾಗಿದ್ದವು, ಒಂದನ್ನಾದರೂ ಎತ್ತಬಹುದಿತ್ತು. ಬಸ್ಸು ಬಂತು, ಹತ್ತಿ ಕೂತೆ. ಕಿಟಕಿಯಲ್ಲಿ ತಿರುಗಿ ನೋಡಿದಾಗ ಆ ಕೈ ಇನ್ನೂ ಮೇಲೆಯೇ ಇತ್ತು.

ಈಗ ಶಿವಮೊಗ್ಗದ ವಿನೋಬನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಸಕ್ಕರೆ ಕಾಯಿಲೆಯವರಿಗೆ ಈ ಭುಜದ ಬಿಗಿತ ಬರುವುದು ಹೆಚ್ಚಂತೆ, ನನಗೂ ಬಂತು. ಶರ್ಟು ಹಾಕುವಾಗ ನೋಯುವ ತೋಳನ್ನು ಮೊದಲು ತೂರಿಸಬೇಕು, ತೆಗೆಯುವಾಗ ಕೊನೆಗೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಮರಳಿನ ರಾಶಿಯ ಹಿಂದೆ ಅವನು ಶರ್ಟು ಮತ್ತೆ ಹಾಕಿಕೊಳ್ಳುವಾಗ ಹಾಗೆ ಮಾಡುವುದನ್ನು ನೋಡಿದ್ದೆ. ಬೀದಿಯ ಕೊನೆಯಲ್ಲಿ ಮನೆ ಕಟ್ಟುತ್ತಿದ್ದ ಕಡೆಯಿಂದ ಒಂದಿಷ್ಟು ಮರಳು ತಂದು ಬಾಣಲೆಯಲ್ಲಿ ಬಿಸಿ ಮಾಡಿಸಿಕೊಂಡೆ. ಕಲ್ಲು ಪುಡಿ ಮಾಡಿದ ಈಗಿನ ಮರಳು. ಶಾಖ ನಿಲ್ಲಲಿಲ್ಲ.

ಹತ್ತಿರದ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡಿಸುವ ಹುಡುಗಿ ಒಳ್ಳೆಯವಳು. ಗೋಡೆಯ ಮೇಲೆ ಏಣಿಯ ಹಾಗೆ ಗೆರೆ ಎಳೆದಿದ್ದಾರೆ, ಬೆರಳಿನಲ್ಲಿ ನಡೆಯುತ್ತ ಅದನ್ನು ಹತ್ತಬೇಕು. ಮೇಲೆ ಒಂದು ರಾಟೆ, ಅದಕ್ಕೊಂದು ಹಗ್ಗ. ಎಡಗೈಯಿಂದ ಎಳೆದರೆ ಬಲಗೈ ಮೇಲೇಳುತ್ತದೆ. ಜೀವನವಿಡೀ ಭಾರ ಎತ್ತಿದವನು ಅಲ್ಲಿ ನನ್ನದೇ ಕೈಯನ್ನು ಎತ್ತಲಾಗದೆ ಹಲ್ಲು ಕಚ್ಚಿ ನಿಂತಿರುತ್ತೇನೆ. ಕಳೆದ ತಿಂಗಳು ಅವಳು, ಎಷ್ಟು ಸುಧಾರಿಸಿದೆ ನೋಡೋಣ ಅಂತ ಎದುರಿಗೆ ನಿಂತು, "ಎಲ್ಲಿ, ಕೈ ಎತ್ತಿ ಅಂಕಲ್" ಅಂದಳು. ಎದೆಯ ಮಟ್ಟಕ್ಕೆ ಬಂದು ನಿಂತಿತು. ನಾನು ಒಂದು ಕಡೆಗೆ ವಾಲಿದೆ. ಅವಳು ಕೂಡಲೇ, "ಸಾಕು ಸಾಕು, ಇಳಿಸಿ" ಅಂದಳು. ಅಲ್ಲಿಯೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ನೋವಿಗೆ ಅಂದುಕೊಂಡು ಪಾಪ, ನೀರು ತಂದುಕೊಟ್ಟಳು.

ಮರುದಿನ ಭದ್ರಾವತಿಯ ಬಸ್ಸು ಹತ್ತಿದೆ. ಓಲ್ಡ್ ಟೌನಿನ ಅವನ ಮನೆ ಅದೇ, ಬಾಗಿಲಿಗೆ ಬೇರೆ ಬಣ್ಣ. ಸೆಲ್ವಮ್ಮನಿಗೆ ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. "ಕ್ರೇನ್ ನಾಗಣ್ಣ ಅಲ್ವಾ? ಬನ್ನಿ ಅಣ್ಣ" ಅಂದರು. ಅವನು ಹೋಗಿ ಎರಡು ವರ್ಷವಾಗಿತ್ತು. ಎದೆನೋವಂತೆ, ಆಸ್ಪತ್ರೆಗೆ ಒಯ್ಯುವಷ್ಟು ಪುರುಸೊತ್ತನ್ನೂ ಕೊಡಲಿಲ್ಲವಂತೆ.

ಗೋಡೆಯಲ್ಲಿ ಎತ್ತರಕ್ಕೆ ಅವನ ಫೋಟೋ ಇತ್ತು. ಆಕೆ ಹೂವಿನ ಮಾಲೆ ಹಿಡಿದು ಸ್ಟೂಲು ಹುಡುಕುತ್ತಿದ್ದವರು, "ನೀವೇ ಹಾಕ್ಬಿಡಿ ಅಣ್ಣ, ನಂಗೆ ಎಟುಕಲ್ಲ" ಎಂದು ನನ್ನ ಕೈಗೆ ಕೊಟ್ಟರು. ಬಲಗೈ ಎತ್ತಲು ನೋಡಿದೆ. ಆಕೆ ಅದನ್ನು ನೋಡಿದರು. ನೋಡಿದ ಕೂಡಲೇ ಅವರಿಗೆ ತಿಳಿಯಿತು.

"ನಿಮ್ಗೂ ಬಂತಾ?"

ಹೂಂ ಅಂದೆ. ಹೂವನ್ನು ಎಡಗೈಯಲ್ಲಿ ಹಾಕಬಾರದು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮಾಲೆ ಹಿಡಿದು ನಿಂತೆ. "ಎಡಗೈಲೇ ಹಾಕಿ, ಪರ್ವಾಗಿಲ್ಲ. ಅವ್ರೂ ಆಗ ಎಲ್ಲಾ ಅದ್ರಲ್ಲೇ ಮಾಡ್ತಿದ್ರು" ಅಂದರು. ಎಡಗೈ ಎತ್ತಿ ಹಾಕಿದೆ.

"ಸೆಲ್ವಮ್ಮ, ಅವತ್ತು ಫೌಂಡ್ರಿಯಲ್ಲಿ..." ಅಂತ ಶುರು ಮಾಡಿದೆ. "ಇರಿ ಅಣ್ಣ, ಕಾಫಿ ಮಾಡ್ತೀನಿ, ಕೂತ್ಕೊಂಡು ಮಾತಾಡೋಣ" ಎಂದು ಒಳಗೆ ಹೋದರು. ಕಾಫಿ ಬಂತು. ನಾಗಣ್ಣ ಮೇಲೆ ಇದ್ದರೆ ನನಗೆ ಭಯವಿಲ್ಲ ಅಂತ ಅವನು ಅನ್ನುತ್ತಿದ್ದುದನ್ನು ಹೇಳಿದರು. ಕಾಫಿ ಕುಡಿದು ಲೋಟ ಇಟ್ಟು ಎದ್ದು ಬಂದೆ.

ಅವನಿಗೆ ಹೇಳಲಿಲ್ಲ. ಆಕೆಗೂ ಹೇಳಲಿಲ್ಲ. ಆ ದಿನ ಸಿಗ್ನಲ್ ಬಂದಿತ್ತು. ಎಡಗೈ ನೆಟ್ಟಗೆ ಎದ್ದಿತ್ತು, ಅದನ್ನು ನಾನು ನೋಡಿದ್ದೆ. ಎತ್ತಿದವನ ಹೆಸರು ಏಳುಮಲೈ.